ಗ್ಯಾಟ್ಸ್‌ಬಿಯ ಕಾರಿನ ಬಣ್ಣ ಯಾವುದು?

(ದ್ವಿತೀಯ ಪಿಯುಸಿ, ಕಲಾ ವಿಭಾಗದ ವಿದ್ಯಾರ್ಥಿನಿ)

ನಮ್ಮ ಊರಿನ ಹೆಸರಿನಲ್ಲೇ ಒಂದು ಬಣ್ಣವಿದೆ. ಹೊನ್ನಾವರದಿಂದ ಕುಮಟಾ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೋಗುವವರು ‘ಹಳದೀಪುರ’ ಎಂಬ ಬೋರ್ಡನ್ನು ಓದಿ ಮುಂದೆ ಸಾಗುತ್ತಾರೆ. 1801ರಲ್ಲಿ ಈ ಕರಾವಳಿಯಲ್ಲಿ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್‌ಲೆಂಡಿನ ವೈದ್ಯ ಮಾತ್ರ ಆ ಹೆಸರಿನ ಬಗ್ಗೆ ವಿಚಾರಿಸಿದ್ದ. ಊರಿನ ಹಳೆಯ ಹೆಸರು ಹಂದಿಪುರ, ಅದು ಹಿಡಿಸದೆ ಹೈದರ್ ಅಲಿ ಅರಿಶಿನದ ಊರು ಎಂಬ ಅರ್ಥದ ಹೊಸ ಹೆಸರನ್ನು ಕೊಟ್ಟ ಎಂದು ಅವನು ಬರೆದಿದ್ದಾನೆ. ಅವನ ಪ್ರವಾಸದ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಒಂದೆರಡು ಅಕ್ಷರ ಬದಲಾದದ್ದಕ್ಕೆ ಒಂದು ಪ್ರಾಣಿ ಹೋಗಿ ಒಂದು ಬಣ್ಣ ಬಂತು. ನಮ್ಮ ತಾಲೂಕಿನ ಹೆಸರಿನಲ್ಲಂತೂ ಹೊನ್ನೇ ಇದೆ. ಹೊನ್ನಿನ ಪಕ್ಕದಲ್ಲಿ ಹಳದಿ! ಬಣ್ಣಗಳ ಬಗ್ಗೆ ಬರೆಯಲು ನಮಗಿಂತ ಹೆಚ್ಚು ಹಕ್ಕು ಯಾರಿಗಿದೆ?

ನಾನು ಬರೆಯಹೊರಟಿರುವುದು ಅಮೆರಿಕದ ಒಂದು ಕಾದಂಬರಿಯ ಬಣ್ಣಗಳ ಬಗ್ಗೆ. ಎಫ್. ಸ್ಕಾಟ್ ಫಿಟ್ಜ್‌ಜೆರಾಲ್ಡ್ ಬರೆದ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ 1925ರ ಏಪ್ರಿಲ್ 10ರಂದು ಪ್ರಕಟವಾಯಿತು. ಅದಕ್ಕೆ ನೂರು ವರ್ಷ ತುಂಬಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ನಮ್ಮ ಇಂಗ್ಲಿಷ್ ಮೇಡಂ, ‘ತೆಳ್ಳಗಿನ ಪುಸ್ತಕ, ರಜೆಯಲ್ಲಿ ಓದಿ ನೋಡು’ ಎಂದು ಲೈಬ್ರರಿಯಿಂದ ತೆಗೆಸಿಕೊಟ್ಟರು. ಪುಸ್ತಕ ತೆಳ್ಳಗಿದೆ ಎಂಬುದು ನಿಜ. ಆದರೆ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದುವವರಿಗೆ ಅದು ದಪ್ಪದ ಪುಸ್ತಕವೇ.

ಕತೆ ಹೀಗಿದೆ. ನ್ಯೂಯಾರ್ಕ್ ಪಕ್ಕದ ಲಾಂಗ್ ಐಲ್ಯಾಂಡಿನಲ್ಲಿ ಕೊಲ್ಲಿಯೊಂದರ ಎರಡು ದಡ. ಒಂದು ದಡದಲ್ಲಿ ತಲೆಮಾರುಗಳಿಂದ ಶ್ರೀಮಂತರಾದವರ ಮನೆಗಳು. ಇನ್ನೊಂದು ದಡದಲ್ಲಿ ಈಚೆಗೆ ದುಡ್ಡು ಮಾಡಿದವರು. ಜೇ ಗ್ಯಾಟ್ಸ್‌ಬಿ ಹೊಸ ಶ್ರೀಮಂತ, ಬಡ ರೈತನ ಮಗ, ಅವನ ನಿಜವಾದ ಹೆಸರು ಜೇಮ್ಸ್ ಗ್ಯಾಟ್ಜ್. ಸೈನ್ಯದಲ್ಲಿದ್ದಾಗ ಅವನು ಡೈಸಿ ಎಂಬ ಹುಡುಗಿಯನ್ನು ಪ್ರೀತಿಸಿದ್ದ. ಅವನು ಯುದ್ಧಕ್ಕೆ ಹೋದಾಗ ಅವಳು ಟಾಮ್ ಎಂಬ ಹಳೆಯ ಶ್ರೀಮಂತನನ್ನು ಮದುವೆಯಾದಳು. ಈಗ ಗ್ಯಾಟ್ಸ್‌ಬಿ ಕಳ್ಳವ್ಯವಹಾರದಲ್ಲಿ ದುಡ್ಡು ಮಾಡಿ, ಅವಳ ಮನೆಯ ನೇರ ಎದುರಿನ ದಡದಲ್ಲಿ ಅರಮನೆಯಂಥ ಮನೆ ಕೊಂಡಿದ್ದಾನೆ. ಕತೆ ಹೇಳುವವನು ಪಕ್ಕದ ಮನೆಯ ನಿಕ್ ಕ್ಯಾರವೇ. ಒಂದು ತಮಾಷೆಯೆಂದರೆ ಟಾಮ್ ಮತ್ತು ಡೈಸಿಯ ಮನೆಹೆಸರೂ ಬುಕಾನನ್ ಎಂದೇ. ನಮ್ಮ ಊರಿನ ಹೆಸರು ಕೇಳಿದ ವೈದ್ಯನಿಗೂ ಅವರಿಗೂ ಸಂಬಂಧವೇನೂ ಇಲ್ಲ.

ಈ ಕಾದಂಬರಿಯ ಬಗ್ಗೆ ಬಂದಿರುವ ಗೈಡುಗಳಲ್ಲಿ ಒಂದು ಪಟ್ಟಿ ಇರುತ್ತದೆ. ಹಸಿರು ಎಂದರೆ ಆಸೆ. ಬಿಳಿ ಎಂದರೆ ಮುಗ್ಧತೆ. ಚಿನ್ನದ ಬಣ್ಣ ಎಂದರೆ ಹಳೆಯ ಸಿರಿವಂತಿಕೆ, ಹಳದಿ ಎಂದರೆ ಅದರ ನಕಲು. ಬೂದು ಎಂದರೆ ಬಡತನ. ಪರೀಕ್ಷೆಗೆ ಈ ಪಟ್ಟಿ ಅನುಕೂಲ, ಐದು ಸಾಲಿನಲ್ಲಿ ಐದು ಅಂಕ. ಆದರೆ ಕಾದಂಬರಿಯನ್ನೇ ತೆರೆದು ಗ್ಯಾಟ್ಸ್‌ಬಿಯ ಕಾರಿನ ಬಣ್ಣ ಯಾವುದು ಎಂದು ಹುಡುಕಿದರೆ ಈ ಪಟ್ಟಿ ಅಲ್ಲಾಡತೊಡಗುತ್ತದೆ.

ಮೊದಲ ಸಲ ಆ ಕಾರನ್ನು ನೋಡಿದ ನಿಕ್ ಅದನ್ನು ಕೆನೆಬಣ್ಣದ್ದು ಎನ್ನುತ್ತಾನೆ. ಟಾಮ್ ಅದನ್ನು ಸರ್ಕಸ್ ಗಾಡಿ ಎಂದು ಹಂಗಿಸುತ್ತಾನೆ. ಒಂದು ಸಂಜೆ ಆ ಕಾರು ಮರ್ಟಲ್ ಎಂಬ ಹೆಂಗಸಿಗೆ ಬಡಿದು ನಿಲ್ಲದೆ ಹೋಗುತ್ತದೆ, ಅವಳು ಅಲ್ಲೇ ಸಾಯುತ್ತಾಳೆ. ಅಪಘಾತ ಕಂಡ ಪಕ್ಕದ ಹೋಟೆಲಿನವನು ಮೊದಲು ಬಂದ ಪೊಲೀಸನಿಗೆ ಕಾರಿನ ಬಣ್ಣ ತಿಳಿ ಹಸಿರು ಎಂದು ಹೇಳುತ್ತಾನೆ. ಇನ್ನೊಬ್ಬ ದಾರಿಹೋಕ ಅಲ್ಲ, ಅದು ಹಳದಿ, ದೊಡ್ಡ ಹೊಸ ಹಳದಿ ಕಾರು ಎನ್ನುತ್ತಾನೆ. ಕಾರು ಒಂದೇ. ನೋಡಿದವರು ಬೇರೆ, ನೋಡಿದ ಹೊತ್ತು ಬೇರೆ, ಬಣ್ಣವೂ ಬೇರೆಯಾಯಿತು.

ಮುಂದೆ ನಡೆಯುವುದು ಇನ್ನೂ ಭಯಂಕರ. ಮರ್ಟಲ್‌ಳ ಗಂಡ ವಿಲ್ಸನ್ ಬಡ ಮೆಕ್ಯಾನಿಕ್. ಹಳದಿ ಕಾರು ಯಾರದೋ ಅವನೇ ತನ್ನ ಹೆಂಡತಿಯ ಗೆಳೆಯ, ಅವನೇ ಅವಳನ್ನು ಕೊಂದವನು ಎಂದು ಅವನು ತೀರ್ಮಾನಿಸುತ್ತಾನೆ. ನಿಜವಾಗಿ ಮರ್ಟಲ್‌ಳೊಂದಿಗೆ ಸಂಬಂಧವಿದ್ದದ್ದು ಟಾಮ್‌ಗೆ. ಅಪಘಾತದ ಹೊತ್ತಿನಲ್ಲಿ ಕಾರು ಓಡಿಸುತ್ತಿದ್ದವಳು ಡೈಸಿ. ಗ್ಯಾಟ್ಸ್‌ಬಿ ಪಕ್ಕದ ಸೀಟಿನಲ್ಲಿ ಕೂತಿದ್ದ. ಆದರೆ ಕಾರು ಗ್ಯಾಟ್ಸ್‌ಬಿಯದು ಎಂದು ಟಾಮ್ ಹೇಳಿಬಿಡುತ್ತಾನೆ. ವಿಲ್ಸನ್ ಹೋಗಿ ಗ್ಯಾಟ್ಸ್‌ಬಿಯನ್ನು ಗುಂಡಿಟ್ಟು ಕೊಂದು ತಾನೂ ಸಾಯುತ್ತಾನೆ. ಬಣ್ಣ ಹಿಡಿದು ಹೋದವನಿಗೆ ಕಾರು ಸಿಕ್ಕಿತು, ಕಾರು ಓಡಿಸಿದವಳು ಸಿಗಲಿಲ್ಲ. ಇಡೀ ಕಾದಂಬರಿ ನನಗೆ ಅರ್ಥವಾದದ್ದು ಇಲ್ಲಿಂದ. ಬಣ್ಣ ಹೊರಗೆ ಕಾಣುತ್ತದೆ, ಒಳಗೆ ಯಾರಿದ್ದಾರೆ ಎಂದು ಅದು ಹೇಳುವುದಿಲ್ಲ.

ಬಣ್ಣಕ್ಕೆ ಗಟ್ಟಿ ಅರ್ಥ ಇರುವ ಕಲೆಯೂ ಇದೆ. ಅದು ನಮ್ಮ ತಾಲೂಕಿನಲ್ಲೇ ಇದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಊರು ಗುಣವಂತೆ ನಮಗೆ ದೂರವೇನಲ್ಲ. ಯಕ್ಷಗಾನದಲ್ಲಿ ರಾಕ್ಷಸನ ವೇಷಕ್ಕೆ ‘ಬಣ್ಣದ ವೇಷ’ ಎಂದೇ ಹೆಸರು. ಆ ಮುಖವರ್ಣಿಕೆ ರಂಗಕ್ಕೆ ಬಂದ ಕೂಡಲೇ, ಒಂದು ಮಾತಾಡುವ ಮೊದಲೇ, ಬಂದವನು ಯಾರು ಎಂದು ಎದುರು ಕೂತ ಮಗುವಿಗೂ ಗೊತ್ತಾಗುತ್ತದೆ. ಅದು ಆಡುವವರಿಗೂ ನೋಡುವವರಿಗೂ ಮೊದಲೇ ಆಗಿರುವ ಒಪ್ಪಂದ. ಬೆಳಗಾದ ಮೇಲೆ ಕಲಾವಿದರು ಬಣ್ಣ ತೆಗೆದು ಚಹಾ ಕುಡಿಯುತ್ತಾರೆ, ಅವರನ್ನು ಯಾರೂ ರಾಕ್ಷಸ ಎನ್ನುವುದಿಲ್ಲ. ಕಾದಂಬರಿಯಲ್ಲಿ ಅಂಥ ಒಪ್ಪಂದವಿಲ್ಲ. ಬೀದಿಯಲ್ಲೂ ಇಲ್ಲ.

ಕಾದಂಬರಿಯ ಬಣ್ಣಕ್ಕೆ ಹೆಚ್ಚು ಹತ್ತಿರದ್ದು ನಮ್ಮ ಅಡುಗೆಮನೆಯ ಅರಿಶಿನ. ವಿಜ್ಞಾನ ವಿಭಾಗದ ಗೆಳತಿಯರಿಗೆ ಇದು ಗೊತ್ತು. ಅರಿಶಿನದ ನೀರಿಗೆ ಲಿಂಬೆರಸ ಹಾಕಿದರೆ ಅದು ಹಳದಿಯಾಗಿಯೇ ಉಳಿಯುತ್ತದೆ. ಸುಣ್ಣ ತಾಗಿಸಿದರೆ ಕೆಂಪಾಗುತ್ತದೆ. ಯೂನಿಫಾರ್ಮಿನ ಮೇಲೆ ಬಿದ್ದ ಸಾರಿನ ಕಲೆ ಸೋಪು ಹಚ್ಚಿದ ಕೂಡಲೇ ಕೆಂಪಗಾಗುವುದೂ ಇದೇ ಕಾರಣಕ್ಕೆ. ಅರಿಶಿನದ ಬಣ್ಣ ಅದಕ್ಕೆ ಏನು ತಾಗಿತು ಎಂಬುದರ ಮೇಲಿದೆ.

ಕಾದಂಬರಿಯ ಬಿಳಿಯನ್ನೇ ನೋಡಿ. ಡೈಸಿ ಮೊದಲು ಕಾಣಿಸಿಕೊಳ್ಳುವಾಗ ಬಿಳಿ ಉಡುಪಿನಲ್ಲಿ, ಗಾಳಿಗೆ ತೇಲುವ ಹಾಗೆ ಕೂತಿದ್ದಾಳೆ. ಹುಡುಗಿಯಾಗಿದ್ದಾಗ ಅವಳ ಕಾರೂ ಬಿಳಿ. ಇದು ಮುಗ್ಧತೆಯ ಬಿಳಿ ಎಂದುಕೊಳ್ಳುವಷ್ಟರಲ್ಲಿ ಅದೇ ಮನೆಯ ಊಟದ ಮೇಜಿನಲ್ಲಿ ಟಾಮ್ ಬಿಳಿ ಜನಾಂಗ ಅಪಾಯದಲ್ಲಿದೆ, ಬೇರೆ ಬಣ್ಣದವರು ಮೇಲೆ ಬರುತ್ತಿದ್ದಾರೆ ಎಂದು ಒಂದು ಪುಸ್ತಕ ಓದಿ ಬಂದವನಂತೆ ಭಾಷಣ ಮಾಡುತ್ತಾನೆ. ಉಡುಪಿನ ಬಿಳಿಗೆ ಈ ಮಾತಿನ ಸುಣ್ಣ ತಾಗಿದ ಮೇಲೆ ಅದು ಮೊದಲಿನ ಬಿಳಿಯಾಗಿ ಉಳಿಯುವುದಿಲ್ಲ. ಡೈಸಿ ಹೂವೂ ಹಾಗೆಯೇ ಅಲ್ಲವೆ? ಹೊರಗೆ ಬಿಳಿ ಎಸಳು, ನಡುವೆ ಹಳದಿ.

ಇನ್ನು ಬೂದು. ಶ್ರೀಮಂತರ ದಡಕ್ಕೂ ನ್ಯೂಯಾರ್ಕ್ ನಗರಕ್ಕೂ ನಡುವೆ ಬೂದಿಯ ಬಯಲೊಂದಿದೆ. ಅದು ಪೂರ್ತಿ ಕಲ್ಪನೆಯಲ್ಲ. ಆಗ ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ನಗರದ ಒಲೆಗಳ ಬೂದಿಯನ್ನು ತಂದು ಸುರಿಯುವ ದೊಡ್ಡ ಬಯಲಿತ್ತು. ಅದನ್ನೇ ಆಮೇಲೆ ಸಮತಟ್ಟು ಮಾಡಿ 1939ರ ವಿಶ್ವ ಮೇಳ ನಡೆಸಿದರು. ಕಾದಂಬರಿಯಲ್ಲಿ ಆ ಬಯಲಿನ ಮೇಲೆ ಕಣ್ಣಿನ ಡಾಕ್ಟರೊಬ್ಬನ ಹಳೆಯ ಜಾಹೀರಾತು ಫಲಕವಿದೆ, ಹಳದಿ ಕನ್ನಡಕದ ಹಿಂದೆ ಎರಡು ದೊಡ್ಡ ನೀಲಿ ಕಣ್ಣು. ಹೆಂಡತಿಯನ್ನು ಕಳೆದುಕೊಂಡ ರಾತ್ರಿ ವಿಲ್ಸನ್ ಅದನ್ನೇ ನೋಡುತ್ತ ದೇವರು ಎಲ್ಲವನ್ನೂ ನೋಡುತ್ತಾನೆ ಎನ್ನುತ್ತಾನೆ. ಜೊತೆಗಿದ್ದವನು ಅದು ಬರೀ ಜಾಹೀರಾತು ಮಾರಾಯ ಎಂಬರ್ಥದ ಮಾತು ಹೇಳುತ್ತಾನೆ. ಒಬ್ಬನಿಗೆ ಬಣ್ಣ ಬಳಿದ ಹಲಗೆ, ಇನ್ನೊಬ್ಬನಿಗೆ ಸಾಕ್ಷಿ. ಹಲಗೆಗೆ ಅರ್ಥ ಕೊಟ್ಟದ್ದು ವಿಲ್ಸನ್‌ನ ದುಃಖ.

ಇಷ್ಟನ್ನೂ ನಾನು ಪಾಠದಂತೆ ಓದಿಕೊಂಡು ಹೋಗುತ್ತಿದ್ದೆ. ಆದರೆ ಒಂದು ಗುಲಾಬಿ ಸೂಟು ನನ್ನನ್ನು ನಿಲ್ಲಿಸಿತು. ಗ್ಯಾಟ್ಸ್‌ಬಿ ತಾನು ಆಕ್ಸ್‌ಫರ್ಡಿನಲ್ಲಿ ಓದಿದವನು ಎಂದು ಹೇಳಿಕೊಂಡಿರುತ್ತಾನೆ. ಟಾಮ್ ಅದನ್ನು ನಂಬುವುದಿಲ್ಲ. ಗುಲಾಬಿ ಸೂಟು ಹಾಕುವವನು ಆಕ್ಸ್‌ಫರ್ಡಿನವನಾಗಲು ಸಾಧ್ಯವೇ ಎಂದು ನಗುತ್ತಾನೆ. ಬೇರೆ ಪುರಾವೆ ಅವನಿಗೆ ಬೇಕಿಲ್ಲ. ಹೊಸ ದುಡ್ಡಿನವನನ್ನು ಬಟ್ಟೆಯ ಬಣ್ಣದಲ್ಲೇ ಹಿಡಿದುಬಿಟ್ಟೆ ಎಂಬ ಹೆಮ್ಮೆ ಅವನದು.

ಈ ನಗೆ ನನಗೆ ಗೊತ್ತು. ನಮ್ಮ ಅಬ್ಬಾ ಇಪ್ಪತ್ತೆರಡು ವರ್ಷಗಳಿಂದ ದಮ್ಮಾಮಿನಲ್ಲಿ ಡ್ರೈವರ್. ಎರಡು ವರ್ಷಕ್ಕೊಮ್ಮೆ ಒಂದೂವರೆ ತಿಂಗಳು ಊರಿಗೆ ಬರುತ್ತಾರೆ. ಅವರ ಸಂಬಳದಲ್ಲಿ ಉಳಿಸಿ ಉಳಿಸಿ ನಾವು ಹಂಚಿನ ಮನೆಯ ಜಾಗದಲ್ಲಿ ಸಣ್ಣ ತಾರಸಿ ಮನೆ ಕಟ್ಟಿಸಿದೆವು. ಬಣ್ಣ ಯಾವುದು ಎಂದು ಪೇಂಟರ್ ಕೇಳಿದಾಗ ಅಮ್ಮಿ ಫೋನಿನಲ್ಲಿ ಅಬ್ಬಾನನ್ನು ಕೇಳಿದರು. ಅಬ್ಬಾ ಗಿಳಿ ಹಸಿರು ಎಂದರು. ಅಂಚಿಗೆ ಹಳದಿ. ಗೃಹಪ್ರವೇಶದ ದುವಾಕ್ಕೆ ಬಂದವರಲ್ಲಿ ಒಬ್ಬರು ಅಂಗಳದಲ್ಲಿ ನಿಂತು, ‘ಗಲ್ಫಿನ ದುಡ್ಡು ದೂರದಿಂದಲೇ ಕಾಣ್ತದೆ ನೋಡಿ’ ಅಂದರು. ಸುತ್ತ ಇದ್ದವರು ನಕ್ಕರು, ಅಮ್ಮಿಯೂ ನಕ್ಕರು. ಆದರೆ ಆ ರಾತ್ರಿ ಪಾತ್ರೆ ತೊಳೆಯುತ್ತ, ‘ಸ್ವಲ್ಪ ತಿಳಿ ಬಣ್ಣ ಹಚ್ಚಿಸಬಹುದಿತ್ತೇನೋ’ ಅಂದರು. ನನಗೆ ಆಗ ಉತ್ತರ ಹೊಳೆಯಲಿಲ್ಲ. ಟಾಮ್‌ನ ಮಾತು ಓದಿದಾಗ ಉತ್ತರ ಹೊಳೆಯಿತು. ತಿಳಿ ಬಣ್ಣವೇ ಒಳ್ಳೆಯ ಅಭಿರುಚಿ ಎಂದು ತೀರ್ಮಾನಿಸಿದವರು ಯಾರು? ಮೂರು ತಲೆಮಾರಿನಿಂದ ಮನೆ ಇರುವವರಿಗೆ ಮನೆಯನ್ನು ಯಾರಿಗೂ ತೋರಿಸುವ ಅಗತ್ಯವಿಲ್ಲ, ತಿಳಿ ಬಣ್ಣ ಸಾಕು. ಮೊದಲ ಸಲ ಮನೆ ಕಟ್ಟಿದವರಿಗೆ ಅದು ಕಾಣಬೇಕು.

ಬಣ್ಣ ನೋಡಿ ಮನುಷ್ಯರನ್ನು ಗುರುತಿಸುವುದು ಕಾದಂಬರಿಯಲ್ಲಷ್ಟೇ ಇಲ್ಲ. 2022ರ ಫೆಬ್ರವರಿಯಲ್ಲಿ ನಾನು ಎಂಟನೆಯ ತರಗತಿಯಲ್ಲಿದ್ದೆ. ನಮ್ಮ ರಾಜ್ಯದ ಕಾಲೇಜು ಗೇಟುಗಳಲ್ಲಿ ಒಂದು ಕಡೆ ಹಿಜಾಬು, ಇನ್ನೊಂದು ಕಡೆ ಕೇಸರಿ ಶಾಲು ಕಾಣುತ್ತಿದ್ದ ದಿನಗಳು ಅವು. ಚಿಕ್ಕಮಗಳೂರಿನಲ್ಲಿ ಕೆಲವು ವಿದ್ಯಾರ್ಥಿಗಳು ನೀಲಿ ಶಾಲು ಹೊದ್ದು ಹಿಜಾಬಿನ ಹುಡುಗಿಯರ ಪರ ನಿಂತರು. ಹೈಕೋರ್ಟಿನ ತೀರ್ಪು ಮಾರ್ಚ್ 15ರಂದು ಬಂತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಆ ವಾದಗಳಿಗೆ ಇಲ್ಲಿ ಜಾಗವಿಲ್ಲ. ನನಗೆ ನೆನಪಿರುವುದು ಟಿವಿಯ ಚಿತ್ರಗಳು. ಅದರಲ್ಲಿ ಮುಖಗಳಿಗಿಂತ ಬಣ್ಣಗಳೇ ಹೆಚ್ಚು ಕಾಣುತ್ತಿದ್ದವು. ಆ ಬಟ್ಟೆಯೊಳಗೆ ಪರೀಕ್ಷೆಗೆ ಓದಿದವರು, ಓದದವರು, ಹೆದರಿದವರು, ಗೆಳೆಯ ಕರೆದನೆಂದು ಬಂದವರು, ನಿನ್ನೆಯವರೆಗೆ ಒಂದೇ ಬೆಂಚಿನಲ್ಲಿ ಕೂತವರು ಇದ್ದಿರಬೇಕು. ದೂರದಿಂದ ನೋಡಿದ ನಮಗೆ ಕಾರು ಕಂಡಿತು, ಕಾರು ಓಡಿಸುವವರು ಕಾಣಲಿಲ್ಲ.

ಈಗ ಎಲ್ಲರಿಗೂ ಗೊತ್ತಿರುವ ಹಸಿರು ದೀಪಕ್ಕೆ ಬರುತ್ತೇನೆ. ಮೊದಲ ಅಧ್ಯಾಯದ ಕೊನೆಯಲ್ಲಿ ಗ್ಯಾಟ್ಸ್‌ಬಿ ರಾತ್ರಿ ಒಬ್ಬನೇ ಹೊರಗೆ ಬಂದು ಕತ್ತಲೆಯ ನೀರಿನ ಕಡೆ ಕೈ ಚಾಚುತ್ತಾನೆ. ನಿಕ್ ಆ ದಿಕ್ಕಿಗೆ ನೋಡಿದರೆ ದೂರದಲ್ಲಿ ಒಂದು ಚಿಕ್ಕ ಹಸಿರು ದೀಪ ಬಿಟ್ಟರೆ ಏನೂ ಇಲ್ಲ. ಅದು ಡೈಸಿಯ ಮನೆಯ ದೋಣಿಕಟ್ಟೆಯ ತುದಿಯ ದೀಪ ಎಂದು ಆಮೇಲೆ ತಿಳಿಯುತ್ತದೆ. ಹಸಿರು ಎಂದರೆ ಆಸೆ ಎಂಬ ಗೈಡಿನ ಸಾಲು ಇಲ್ಲಿಂದ ಬಂದದ್ದು. ನಮ್ಮಲ್ಲಿ ಹಸಿರಿಗೆ ಬೇರೆ ನೆನಪುಗಳೂ ಇವೆ. ದರ್ಗಾದ ಚಾದರ್ ಹಸಿರು. ಸ್ವರ್ಗದಲ್ಲಿರುವವರಿಗೆ ಹಸಿರು ರೇಷ್ಮೆಯ ಉಡುಪು ಎಂದು ಕುರ್‌ಆನಿನಲ್ಲಿ ಓದಿದ್ದೇವೆ. ಆದರೆ ಈ ದೀಪವನ್ನು ನನಗೆ ಅರ್ಥ ಮಾಡಿಸಿದ್ದು ಕಾಸರಕೋಡಿನಿಂದ ಬರುವ ನನ್ನ ಗೆಳತಿ. ಅವಳ ಅಪ್ಪ ಟೊಂಕದಿಂದ ಮೀನುಗಾರಿಕೆಗೆ ಹೋಗುತ್ತಾರೆ. ಬೋಟಿನ ಬಲಬದಿಗೆ ಹಸಿರು ದೀಪ, ಎಡಬದಿಗೆ ಕೆಂಪು. ಎದುರಿನ ಬೋಟಿನ ಹಸಿರು ಮಾತ್ರ ಕಂಡರೆ ಅದರ ಬಲ ಮಗ್ಗುಲು ನಮ್ಮ ಕಡೆಗಿದೆ ಎಂದು ತಿಳಿಯಬೇಕು. ‘ಆ ಲೈಟು ಬೋಟಿನಲ್ಲಿದ್ದವರಿಗೆ ಅಲ್ಲ, ಬೇರೆಯವರಿಗೆ’ ಎಂದಳು ಅವಳು.

ಅವಳು ಹೇಳಿದ ಮೇಲೆ ನಾನು ಕಾದಂಬರಿಯನ್ನು ಮತ್ತೆ ತೆರೆದೆ. ಡೈಸಿಗೆ ತನ್ನ ಮನೆಯ ದೀಪದ ಬಗ್ಗೆ ಏನಾದರೂ ಗೊತ್ತಿತ್ತೇ? ಐದನೆಯ ಅಧ್ಯಾಯದಲ್ಲಿ, ಐದು ವರ್ಷದ ಮೇಲೆ ಅವಳು ಅವನ ಪಕ್ಕದಲ್ಲಿ ನಿಂತಾಗ, ನಿನ್ನ ಕಟ್ಟೆಯ ತುದಿಯಲ್ಲಿ ರಾತ್ರಿಯಿಡೀ ಹಸಿರು ದೀಪ ಉರಿಯುತ್ತದೆ ಎಂದು ಅವನೇ ಹೇಳುತ್ತಾನೆ. ಅಷ್ಟು ರಾತ್ರಿ ಒಬ್ಬ ಮನುಷ್ಯ ಅದನ್ನೇ ನೋಡುತ್ತ ಬದುಕಿದ್ದಾನೆ ಎಂಬುದು ದೀಪ ಇರುವ ಮನೆಯವರಿಗೆ ಗೊತ್ತೇ ಇರಲಿಲ್ಲ.

ಇದನ್ನು ಓದುವವರೆಗೆ ಸಮುದ್ರದ ಆಚೆ ಇರುವುದೇ ಹಸಿರು ದೀಪ ಎಂದು ನಮ್ಮ ಕಡೆಯ ಎಲ್ಲರಂತೆ ನಾನೂ ಎಣಿಸಿದ್ದೆ. ಅರಬ್ಬಿ ಸಮುದ್ರದ ಆ ದಡದಲ್ಲಿ ಗಲ್ಫು. ಭಟ್ಕಳದಿಂದ ಕುಮಟಾದವರೆಗೆ ಎಷ್ಟೋ ಮನೆಗಳಲ್ಲಿ ಹುಡುಗ ಹದಿನೆಂಟು ದಾಟಿದರೆ ಪಾಸ್‌ಪೋರ್ಟಿನ ಮಾತು ಬರುತ್ತದೆ. ನಮ್ಮ ಭಾಯಿಯದೂ ಆಗಿದೆ. ದೀಪ ಅಲ್ಲಿದೆ, ನಾವು ಈ ದಡದಲ್ಲಿ ಕೈ ಚಾಚಿ ನಿಂತಿದ್ದೇವೆ ಎಂಬುದು ನನ್ನ ಲೆಕ್ಕ. ಕಳೆದ ವರ್ಷ ಅಬ್ಬಾ ಫೋನು ಮಾಡಿದಾಗ ಮನೆಯ ಬಣ್ಣದ ಮಾತು ಬಂತು. ಬೇರೆ ಬಣ್ಣ ಹಚ್ಚಿಸೋಣವೇ ಎಂದು ಅಮ್ಮಿ ಕೇಳಿದರು. ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬೇಡ. ಇಲ್ಲಿ ಎಲ್ಲಾ ಮಣ್ಣಿನ ಬಣ್ಣ. ರೂಮಲ್ಲಿ ಕಣ್ಣು ಮುಚ್ಚಿದ್ರೆ ನಂಗೆ ಆ ಹಸಿರೇ ಕಾಣೋದು’ ಅಂದರು. ಹಸಿರು ದೀಪ ನಮ್ಮ ಮನೆಯಲ್ಲೇ ಇತ್ತು. ಕೈ ಚಾಚಿ ನಿಂತವರು ಆ ದಡದಲ್ಲಿದ್ದರು.

ಫಿಟ್ಜ್‌ಜೆರಾಲ್ಡ್ ಇನ್ನೂ ಒಂದು ಕಹಿ ಮಾತು ಹೇಳುತ್ತಾನೆ. ಡೈಸಿ ಪಕ್ಕದಲ್ಲಿ ಬಂದು ನಿಂತ ಕ್ಷಣದಲ್ಲೇ ಆ ದೀಪದ ದೊಡ್ಡ ಅರ್ಥ ಮಾಯವಾಯಿತು, ಅದು ಮತ್ತೆ ಕಟ್ಟೆಯ ಮೇಲಿನ ಒಂದು ಸಾಧಾರಣ ದೀಪವಾಯಿತು ಎಂದು ನಿಕ್‌ಗೆ ಅನ್ನಿಸುತ್ತದೆ. ಈ ಮಾತು ನನ್ನನ್ನು ಹೆದರಿಸಿತ್ತು. ಅಬ್ಬಾ ಪೂರ್ತಿಯಾಗಿ ವಾಪಸು ಬರುವ ಯೋಚನೆಯಲ್ಲಿದ್ದಾರೆ. ಬಂದ ಮೇಲೆ ಅವರಿಗೆ ಮನೆ ಬರೀ ಗೋಡೆಯಾಗಿ ಕಂಡರೆ? ನಾವು ಎರಡು ವರ್ಷಕ್ಕೊಮ್ಮೆ ನೋಡಿದಷ್ಟು ಚೆನ್ನಾಗಿಲ್ಲ ಎಂದು ಅನ್ನಿಸಿದರೆ?

ಈ ಸಲ ಮಳೆಗಾಲ ಮುಗಿದ ಮೇಲೆ ಅಬ್ಬಾ ರಜೆಗೆ ಬಂದಿದ್ದರು. ಮಳೆಗೆ ಬಣ್ಣ ಮಾಸಿತ್ತು, ಪಶ್ಚಿಮದ ಗೋಡೆಯಲ್ಲಿ ಕಪ್ಪು ಪಾಚಿ ಕಟ್ಟಿತ್ತು. ಬಂದ ಮರುದಿನ ಅವರು ಅಂಗಳದಲ್ಲಿ ನಿಂತು ಗೋಡೆಯನ್ನು ಮೇಲಿಂದ ಕೆಳಗೆ ನೋಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಏನೂ ಹೇಳದೆ ಲುಂಗಿ ಎತ್ತಿ ಕಟ್ಟಿ, ಬಕೆಟಿನಲ್ಲಿ ಬ್ಲೀಚಿಂಗ್ ಪೌಡರ್ ಕಲಸಿ, ಏಣಿ ಹತ್ತಿ ಪಾಚಿ ತಿಕ್ಕತೊಡಗಿದರು. ನಾನು ಏಣಿ ಹಿಡಿದೆ. ಒಂದು ವಾರ ತಿಕ್ಕಿ ಒಣಗಿಸಿ ಅದೇ ಹಸಿರನ್ನು ಅವರೇ ಹಚ್ಚಿದರು. ಗ್ಯಾಟ್ಸ್‌ಬಿಗೆ ಇಂಥ ಒಂದು ವಾರ ಸಿಗಲಿಲ್ಲ. ಅವನು ದೀಪವನ್ನು ದೂರದಿಂದ ನೋಡಿದ, ಅದರ ಗಾಜು ಒರೆಸುವ ಕೆಲಸ ಅವನಿಗೆ ಬರಲೇ ಇಲ್ಲ. ಪ್ರೀತಿಸಿದ ಬಣ್ಣ ಮಾಸುತ್ತದೆ ಎಂಬ ನಿಕ್‌ನ ಮಾತು ನಿಜ. ಮಾಸಿದ್ದನ್ನು ತಿಕ್ಕಿ ಮತ್ತೆ ಹಚ್ಚುವವರೂ ಇದ್ದಾರೆ ಎಂಬುದು ಅವನ ಕತೆಯಲ್ಲಿ ಬರಲಿಲ್ಲ.

ಸ್ನೇಹಿತರೇ, ನೀವು ಈ ಕಾದಂಬರಿಯನ್ನಾಗಲಿ, ಬಣ್ಣಗಳು ಬರುವ ಯಾವುದೇ ಕತೆಯನ್ನಾಗಲಿ ಓದುವಾಗ ಒಂದು ಕೆಲಸ ಮಾಡಿ ನೋಡಿ. ‘ಹಸಿರು ಎಂದರೆ ಇದು’ ಎಂಬ ಪಟ್ಟಿಯ ಬದಲು ನೋಟ್‌ಬುಕ್ಕಿನಲ್ಲಿ ಮೂರು ಪ್ರಶ್ನೆ ಬರೆದುಕೊಳ್ಳಿ. ಈ ಬಣ್ಣವನ್ನು ನೋಡುತ್ತಿರುವವರು ಯಾರು? ಅವರು ಎಲ್ಲಿ ನಿಂತಿದ್ದಾರೆ? ನೋಡಿದ ಮೇಲೆ ಏನು ಮಾಡಿದರು? ವಿಲ್ಸನ್ ನೋಡಿದ ಹಳದಿಗೂ ನಿಕ್ ನೋಡಿದ ಕೆನೆಬಣ್ಣಕ್ಕೂ ಇರುವ ವ್ಯತ್ಯಾಸ ಆಗ ತಾನಾಗಿ ತಿಳಿಯುತ್ತದೆ. ಪರೀಕ್ಷೆಯ ಐದು ಅಂಕಕ್ಕೂ ಇದರಿಂದ ತೊಂದರೆಯಿಲ್ಲ, ಮೇಡಂ ಹತ್ತಿರ ಕೇಳಿಯೇ ಬರೆಯುತ್ತಿದ್ದೇನೆ.

ಪುಸ್ತಕವನ್ನು ನಾನು ಸೋಮವಾರ ಲೈಬ್ರರಿಗೆ ವಾಪಸು ಕೊಡುತ್ತೇನೆ. ಅದರೊಳಗೆ ಪೆನ್ಸಿಲಿನಲ್ಲಿ ಕಷ್ಟದ ಪದಗಳ ಕನ್ನಡ ಅರ್ಥ ಬರೆದ ಒಂದು ಹಾಳೆ ಇಟ್ಟಿದ್ದೇನೆ. ಮುಂದೆ ಓದುವವರು ಅದಕ್ಕೆ ತಮ್ಮ ಪದಗಳನ್ನೂ ಸೇರಿಸಲಿ.